ಅಷ್ಟು ಚೆನ್ನಾಗಿ ಎಸೆಯುತ್ತಿದ್ದವನನ್ನು ಯಾಕೆ ತೆಗೆದ?

ಶಿವಮೊಗ್ಗದ ನಮ್ಮ ಭಾವನಿಗೆ ಬೇಸ್‌ಬಾಲ್ ರುಚಿ ಹತ್ತಿಸಿದ್ದು ನಾನೇ. ಇಲ್ಲಿ ಅಮೆರಿಕದಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ವರ್ಲ್ಡ್ ಸೀರೀಸ್, ಅಂದರೆ ಏಳು ಪಂದ್ಯಗಳ ಅಂತಿಮ ಸರಣಿಯ ಪಂದ್ಯ ಅವರಿಗೆ ಬೆಳಗಿನ ಐದೂವರೆಗೆ, ಮೊದಲ ಕಾಫಿಯ ಹೊತ್ತಿಗೆ ಸಿಗುತ್ತದೆ. 2020ರ ಅಕ್ಟೋಬರ್ 28ರ ಬೆಳಗ್ಗೆ ಫೋನ್ ಮಾಡಿದವರು ಹಲೋ ಕೂಡ ಹೇಳದೆ ಕೇಳಿದರು: “ಅಲ್ಲ ಮಾರಾಯ, ಅಷ್ಟು ಚೆನ್ನಾಗಿ ಎಸೀತಿದ್ದ, ಅವನನ್ನ ಯಾಕೆ ತೆಗೆದ?” ಆಮೇಲೆ ಕ್ರಿಕೆಟ್ ನೋಡಿ ಬೆಳೆದ ಎಷ್ಟೋ ಗೆಳೆಯರು ಇದನ್ನೇ ಕೇಳಿದ್ದಾರೆ. ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಅಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆರನೇ ಪಂದ್ಯ. ಲಾಸ್ ಏಂಜಲೀಸ್ ಡಾಡ್ಜರ್ಸ್ ಸರಣಿಯಲ್ಲಿ 3-2ರಿಂದ ಮುಂದಿತ್ತು. ಟ್ಯಾಂಪಾ ಬೇ ರೇಸ್ ಸೋತರೆ ಅಲ್ಲಿಗೆ ಮುಗಿಯಿತು. ರೇಸ್‌ನ ಎಡಗೈ ಪಿಚರ್ (ಚೆಂಡು ಎಸೆಯುವವನು) ಬ್ಲೇಕ್ ಸ್ನೆಲ್ ಅಂದು ಎಸೆಯುತ್ತಿದ್ದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. 18 ಬ್ಯಾಟರ್‌ಗಳಲ್ಲಿ ಒಂಬತ್ತು ಜನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ಹಿಟ್ (ಹೊಡೆದು ಬೇಸ್ ಸೇರುವುದು) ಎರಡೇ, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಒಂದೂ ಇಲ್ಲ. ಡಾಡ್ಜರ್ಸ್‌ನ ಮೊದಲ ಮೂವರಾದ ಬೆಟ್ಸ್, ಸೀಗರ್, ಟರ್ನರ್ ತಲಾ ಎರಡು ಸಲ ಬಂದು ಆರಕ್ಕೆ ಆರೂ ಸ್ಟ್ರೈಕ್‌ಔಟ್ ಆಗಿದ್ದರು. ರೇಸ್ 1-0ರಿಂದ ಮುಂದೆ, ಒಂಬತ್ತರಲ್ಲಿ ಆರನೇ ಇನಿಂಗ್ಸ್, ಒಬ್ಬ ಔಟ್. ಆಸ್ಟಿನ್ ಬಾರ್ನ್ಸ್ ಒಂದು ಸಿಂಗಲ್ ಹೊಡೆದು ಮೊದಲ ಬೇಸ್ ಸೇರಿದ. ಅಷ್ಟಕ್ಕೇ ರೇಸ್‌ನ ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕಿಳಿದು ಸ್ನೆಲ್ ಕೈಯಿಂದ ಚೆಂಡು ತೆಗೆದುಕೊಂಡ. ಸ್ನೆಲ್ ಎಸೆದಿದ್ದು ಬರೀ 73 ಚೆಂಡು.

ನಮ್ಮವರಿಗೆ ಮೊದಲು ಹೇಳಬೇಕಾದ ಮಾತೊಂದಿದೆ. ಕ್ರಿಕೆಟ್‌ನಲ್ಲಿ ಕುಂಬ್ಳೆಯ ಕೈಯಿಂದ ಚೆಂಡು ತೆಗೆದುಕೊಂಡ ಕ್ಯಾಪ್ಟನ್ ಅರ್ಧ ಗಂಟೆ ಬಿಟ್ಟು ಮತ್ತೆ ಅವನಿಗೇ ಕೊಡಬಹುದು. ತಪ್ಪಿದರೆ ತಿದ್ದಿಕೊಳ್ಳಲು ಜಾಗವಿದೆ. ಬೇಸ್‌ಬಾಲ್‌ನಲ್ಲಿ ಆಟದಿಂದ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳಿ ಬರುವಂತಿಲ್ಲ. ಮೌಂಡ್, ಅಂದರೆ ಪಿಚರ್ ನಿಲ್ಲುವ ದಿಬ್ಬದವರೆಗೆ ನಡೆದು ಕೈ ಚಾಚುವ ಮ್ಯಾನೇಜರ್ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರ. ಆ ನಡಿಗೆಯನ್ನು ಟಿವಿಯಲ್ಲಿ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಿದ್ದೂ ಯಾಕೆ ತೆಗೆಯುತ್ತಾರೆ? ಒಂಬತ್ತು ಬ್ಯಾಟರ್‌ಗಳು ಒಂದೇ ಕ್ರಮದಲ್ಲಿ ಸುತ್ತು ಸುತ್ತಾಗಿ ಬರುತ್ತಾರೆ. ಮೊದಲ ಸಲ ಬಂದವನಿಗೆ ಪಿಚರ್‌ನ ಕೈ ಎಲ್ಲಿ ಚೆಂಡು ಬಿಡುತ್ತದೆ, ಸ್ಲೈಡರ್ ಎಷ್ಟು ತಡವಾಗಿ ತಿರುಗುತ್ತದೆ ಅನ್ನುವ ಅಂದಾಜು ಇರುವುದಿಲ್ಲ. ಮೂರನೇ ಸಲ ಬರುವಷ್ಟರಲ್ಲಿ ಅವನ ಕಣ್ಣು ಪಳಗಿರುತ್ತದೆ, ಎಸೆಯುವವನ ತೋಳು ದಣಿದಿರುತ್ತದೆ. ವರ್ಷಾನುವರ್ಷದ ಲೆಕ್ಕ ತೆಗೆದವರೂ ಇದನ್ನೇ ಹೇಳುತ್ತಾರೆ. 18 ಬ್ಯಾಟರ್ ಎಂದರೆ ಸರಿಯಾಗಿ ಎರಡು ಸುತ್ತು. ಮುಂದೆ ಬರುತ್ತಿದ್ದವನು ಮೂಕಿ ಬೆಟ್ಸ್, ಮೂರನೇ ಸಲ. ರೇಸ್ ಕಡಿಮೆ ದುಡ್ಡಿನಲ್ಲಿ ನಡೆಯುವ ತಂಡ. ಇಂಥ ಲೆಕ್ಕಗಳನ್ನು ನಂಬಿಯೇ ಅಲ್ಲಿಯವರೆಗೆ ಬಂದಿತ್ತು. ಕ್ಯಾಶ್‌ಗೆ ತಲೆ ಕೆಟ್ಟಿತ್ತು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೂ ಅವನು ತಪ್ಪು ಮಾಡಿದ ಎಂದೇ ನನ್ನ ಅಭಿಪ್ರಾಯ. ತಪ್ಪಿದ್ದದ್ದು ಬಂದವನ ಆಯ್ಕೆಯಲ್ಲಿ. ಬುಲ್‌ಪೆನ್‌ನಿಂದ (ಬದಲಿ ಪಿಚರ್‌ಗಳು ಕಾಯುವ ಜಾಗ) ಬಂದ ನಿಕ್ ಆ್ಯಂಡರ್ಸನ್ ಆ ವರ್ಷದ ಲೀಗ್ ಪಂದ್ಯಗಳಲ್ಲಿ ಯಾರಿಗೂ ಬಗ್ಗದವನು, ನಿಜ. ಆದರೆ ಪ್ಲೇಆಫ್‌ನಲ್ಲಿ ಅದಕ್ಕೆ ಹಿಂದಿನ ಆರು ಸಲ ಮೈದಾನಕ್ಕಿಳಿದಾಗ ಆರು ಸಲವೂ ರನ್ ಕೊಟ್ಟಿದ್ದ. ಅವನ ತೋಳು ಖಾಲಿಯಾಗುತ್ತಿದೆ ಎಂದು ನೋಡುವವರಿಗೆಲ್ಲ ಕಾಣುತ್ತಿತ್ತು. ಲೆಕ್ಕದ ಪುಸ್ತಕದಲ್ಲಿದ್ದ ಆ್ಯಂಡರ್ಸನ್ ಬೇರೆ, ಅಂದು ಚೆಂಡು ಹಿಡಿದು ನಿಂತ ಆ್ಯಂಡರ್ಸನ್ ಬೇರೆ. ಬೆಟ್ಸ್ ಡಬಲ್ ಹೊಡೆದು ಎರಡನೇ ಬೇಸ್ ಸೇರಿದ, ಒಂದು ವೈಲ್ಡ್ ಪಿಚ್‌ಗೆ (ಹಿಡಿಯಲಾಗದಷ್ಟು ದಾರಿ ತಪ್ಪಿದ ಎಸೆತ) ಸ್ಕೋರು ಸಮವಾಯಿತು, ಸೀಗರ್ ನೆಲಕ್ಕೆ ಹೊಡೆದ ಚೆಂಡಿಗೆ ಬೆಟ್ಸ್ ಓಡಿ ಬಂದ. 2-1. ಕೊನೆಗೆ 3-1, ಡಾಡ್ಜರ್ಸ್ ಚಾಂಪಿಯನ್.

ಆದ್ದರಿಂದ ನಾನು ಭಾವನಿಗೆ ಹೇಳಿದ್ದು ಇಷ್ಟೇ: ಹೋದವನನ್ನು ಮಾತ್ರ ನೋಡಬೇಡಿ, ಬರುತ್ತಿರುವವನು ಯಾರು ಎಂದು ಕೇಳಿ. ಒಬ್ಬನನ್ನು ತೆಗೆಯುವುದೂ ಇನ್ನೊಬ್ಬನನ್ನು ತರುವುದೂ ಒಂದೇ ತೀರ್ಮಾನ.

ತೆಗೆಯದೆ ಕೆಟ್ಟವರೂ ಇದ್ದಾರಲ್ಲ. 2003ರ ಅಕ್ಟೋಬರ್ 16, ಯಾಂಕೀ ಸ್ಟೇಡಿಯಂ, ಅಮೆರಿಕನ್ ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯ. ಬಾಸ್ಟನ್ ರೆಡ್ ಸಾಕ್ಸ್ ಎಂಟನೇ ಇನಿಂಗ್ಸ್‌ನಲ್ಲಿ 5-2ರಿಂದ ಮುಂದಿತ್ತು. ಬಾಸ್ಟನ್‌ನ ಪಿಚರ್ ಪೆಡ್ರೊ ಮಾರ್ಟಿನೆಜ್ ದಣಿದಿದ್ದ. ಎದುರಾಳಿ ಯಾಂಕೀಸ್‌ನ ಜೀಟರ್ ಡಬಲ್, ವಿಲಿಯಮ್ಸ್ ಸಿಂಗಲ್, 5-3. ಮ್ಯಾನೇಜರ್ ಗ್ರೇಡಿ ಲಿಟಲ್ ಮೌಂಡ್‌ಗೆ ಹೋಗಿ ಪೆಡ್ರೊನನ್ನೇ ಕೇಳಿದ. ಪೆಡ್ರೊ ಆಗುತ್ತದೆ ಎಂದ. ಲಿಟಲ್ ಒಬ್ಬನೇ ಹಿಂದಿರುಗಿದ. ಆ ಅಕ್ಟೋಬರ್ ತುಂಬ ಸೊಗಸಾಗಿ ಎಸೆದಿದ್ದ ಟಿಮ್ಲಿನ್, ಎಂಬ್ರೀ ಇಬ್ಬರೂ ಬುಲ್‌ಪೆನ್‌ನಲ್ಲಿದ್ದರು. ಮಟ್ಸುಯಿ ಡಬಲ್, ಪೊಸಾಡಾ ಡಬಲ್, 5-5. ಹನ್ನೊಂದನೇ ಇನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಹೊಡೆದ ಹೋಮ್ ರನ್‌ಗೆ (ಕ್ರಿಕೆಟ್‌ನ ಸಿಕ್ಸರ್‌ನಂಥದ್ದು) ಬಾಸ್ಟನ್ ಮನೆಗೆ ಹೋಯಿತು. ಕೆಲವೇ ದಿನಗಳಲ್ಲಿ ಲಿಟಲ್ ಕೆಲಸವೂ ಹೋಯಿತು.

ಪೆಡ್ರೊನನ್ನು ಕೇಳಿದ್ದೇ ದೊಡ್ಡ ತಪ್ಪು. ಅಂಥ ಹೊತ್ತಿನಲ್ಲಿ ನನ್ನಿಂದ ಆಗದು ಎನ್ನುವವನು ಅಲ್ಲಿಯವರೆಗೆ ಬಂದಿರುವುದೇ ಇಲ್ಲ. 2015ರಲ್ಲೂ ಹೀಗೇ ಆಯಿತು. ನ್ಯೂಯಾರ್ಕ್ ಮೆಟ್ಸ್‌ನ ಮ್ಯಾಟ್ ಹಾರ್ವಿ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಎಂಟು ಇನಿಂಗ್ಸ್ ಒಂದೂ ರನ್ ಕೊಟ್ಟಿರಲಿಲ್ಲ. ಸಾಕು ಎಂದ ಮ್ಯಾನೇಜರ್ ಟೆರ್ರಿ ಕಾಲಿನ್ಸ್ ಮುಂದೆ ಹಟ ಹಿಡಿದು ಒಂಬತ್ತನೆಯದಕ್ಕೂ ಹೋದ. ಒಂದು ವಾಕ್, ಒಂದು ಡಬಲ್, 2-0 ಮುನ್ನಡೆ ಕರಗಿತು, ಹನ್ನೆರಡನೇ ಇನಿಂಗ್ಸ್‌ನಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ 7-2ರಿಂದ ಗೆದ್ದಿತು. ತಪ್ಪು ತನ್ನದೇ ಎಂದು ಕಾಲಿನ್ಸ್ ಆಮೇಲೆ ಹೊತ್ತುಕೊಂಡ. ಮನಸ್ಸು ಕರಗಿ ಒಪ್ಪಿದ ಆ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಕಳೆದ ಸಲದ ವರ್ಲ್ಡ್ ಸೀರೀಸ್, 2025ರ ನವೆಂಬರ್ 1, ನಮ್ಮ ರಾಜ್ಯೋತ್ಸವದ ರಾತ್ರಿ. ಟೊರಾಂಟೊದಲ್ಲಿ ಏಳನೇ ಪಂದ್ಯ. ಒಂಬತ್ತನೇ ಇನಿಂಗ್ಸ್‌ನಲ್ಲಿ 4-4, ಬ್ಲೂ ಜೇಸ್‌ನ ಇಬ್ಬರು ಬೇಸ್‌ನಲ್ಲಿ, ಒಬ್ಬ ಔಟ್. ಡಾಡ್ಜರ್ಸ್ ಪರ ಎಸೆಯುತ್ತಿದ್ದವನು ಅದೇ ಬ್ಲೇಕ್ ಸ್ನೆಲ್. 2020ರಲ್ಲಿ ಎದುರು ತಂಡದ ಮ್ಯಾನೇಜರ್ ಆಗಿದ್ದ ಡೇವ್ ರಾಬರ್ಟ್ಸ್ ಈಗ ಅವನ ಮ್ಯಾನೇಜರ್. ರಾಬರ್ಟ್ಸ್ ಮೌಂಡ್‌ನತ್ತ ನಡೆಯುತ್ತಿರುವಾಗಲೇ ಭಾವನ ಫೋನ್ ಬಂತು.

“ಬರ್ತಿರೋನು ಯಾರು?”

ಯೊಶಿನೊಬು ಯಮಾಮೊಟೊ. ಹಿಂದಿನ ರಾತ್ರಿಯಷ್ಟೇ 96 ಚೆಂಡು ಎಸೆದಿದ್ದವನು. ಬಂದವನೇ ಒಬ್ಬನಿಗೆ ಚೆಂಡು ತಾಗಿಸಿ ಬೇಸ್‌ಗಳನ್ನೆಲ್ಲ ತುಂಬಿಸಿದ. ಫೋನ್‌ನ ಎರಡೂ ಕಡೆ ಮಾತಿಲ್ಲ. ಆಮೇಲೆ ಒಂದೂ ರನ್ ಬಿಡಲಿಲ್ಲ. ಎರಡು ಇನಿಂಗ್ಸ್ ಮತ್ತು ಇನ್ನೆರಡು ಔಟ್, 34 ಚೆಂಡು ಎಸೆದ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ವಿಲ್ ಸ್ಮಿತ್ ಹೋಮ್ ರನ್ ಹೊಡೆದು 5-4. ಕೊನೆಯ ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಎರಡನೇ ಬೇಸ್ ತುಳಿದು ಮೊದಲ ಬೇಸ್‌ಗೆ ಚೆಂಡು ಎಸೆದದ್ದು ಮೂಕಿ ಬೆಟ್ಸ್.