ಹಿಮದ ರನ್‌ವೇ ಮೇಲೆ 18 ಸೆಕೆಂಡ್: ಮೂರನೇ ವಾರದ ಟಿಪ್ಪಣಿ

2005ರ ಡಿಸೆಂಬರ್ 8ರಂದು ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಹಿಮ ಸುರಿಯುತ್ತಿದ್ದಾಗ ಇಳಿದ ಸೌತ್‌ವೆಸ್ಟ್ 1248 ವಿಮಾನ ರನ್‌ವೇ ದಾಟಿ, ಬೇಲಿ ಮುರಿದು, ರಸ್ತೆಯಲ್ಲಿದ್ದ ಕಾರುಗಳಿಗೆ ಬಡಿಯಿತು. ಸತ್ತದ್ದು ಕಾರೊಂದರಲ್ಲಿದ್ದ 6 ವರ್ಷದ ಹುಡುಗ. ಆ ಇಳಿತವನ್ನು ಕಲಬುರಗಿಯ ನಮ್ಮ ಮನೆಯ ಮಾಳಿಗೆ ಕೋಣೆಯ ಸಿಮ್ಯುಲೇಟರಿನಲ್ಲಿ ಮತ್ತೆ ಕಟ್ಟಿ ನೋಡುವುದು ನನ್ನ ಹವ್ಯಾಸದ ಕೆಲಸ. ಮೊದಲೆರಡು ವಾರ ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿಕೆಗಳಿಗೆ ಸಾಗುವಾನಿ ಮರದ ಥ್ರಾಟಲ್ ಪೆಟ್ಟಿಗೆ ಮಾಡುವುದರಲ್ಲೇ ಕಳೆದವು.

ಈ ವಾರ ಗಾಳಿಯಿಂದ ಶುರು ಮಾಡಿದೆ. ಗಾಳಿಗೆ ಎದುರಾಗಿ ಇಳಿಯುವುದು ವಾಡಿಕೆ. ಆದರೆ ಹಿಮದಿಂದ ದೂರದವರೆಗೆ ಕಾಣದಿದ್ದ ಅಂದು ಇಳಿಯಲು ಅನುಮತಿಯಿದ್ದ ರನ್‌ವೇ 31ಸಿಯಲ್ಲಿ ಗಾಳಿ ಸುಮಾರು 8 ನಾಟ್ (ಗಂಟೆಗೆ ಸುಮಾರು 15 ಕಿಲೋಮೀಟರ್) ವೇಗದಲ್ಲಿ ಹಿಂದಿನಿಂದ ತಳ್ಳುತ್ತಿತ್ತು. ನೆಲ ಮುಟ್ಟುವ ವೇಗ 124 ನಾಟ್ ಎಂದು ಹಿಡಿದರೆ ಈ ಗಾಳಿಯಿಂದ ಅದು 132 ಆಗುತ್ತದೆ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಶೇ. 13ರಷ್ಟು ಹೆಚ್ಚುತ್ತದೆ. ಕಾಣದಿರುವುದು ನೇರವಾಗಿ ಅಪಾಯ ತರಲಿಲ್ಲ, ಗಾಳಿಯ ಮೂಲಕ ತಂದಿತು ಎಂಬುದು ನನಗೆ ಹೊಸದಾಗಿ ಹೊಳೆದ ಸಂಗತಿ.

ಮಿಡ್‌ವೇಯಲ್ಲಿ ಇಳಿಯಲು ಸಿಗುತ್ತಿದ್ದ ಉದ್ದ 5,826 ಅಡಿ, ಅಂದರೆ ಸುಮಾರು 1,776 ಮೀಟರ್. ಶ್ರೀನಿವಾಸ ಸರಡಗಿಯ ಹತ್ತಿರದ ನಮ್ಮ ಕಲಬುರಗಿ ನಿಲ್ದಾಣದ ರನ್‌ವೇ 3 ಕಿಲೋಮೀಟರಿಗಿಂತ ಉದ್ದವಿದ್ದು, ಅದರ ಅಂಕಿ ಹಾಕಿ ನೋಡಿದಾಗ ಇಡೀ ಲೆಕ್ಕ ನೀರಸವಾಯಿತು. ನಿಲ್ಲುವ ದೂರದ ಲೆಕ್ಕ ಹಾಕುವ ಪೈಲಟ್‌ಗಳ ಲ್ಯಾಪ್‌ಟಾಪ್, ಬ್ರೇಕ್ ಹಿಡಿತ ಕಳಪೆಯಿದ್ದರೆ ವಿಮಾನ ನಿಂತಾಗ ರನ್‌ವೇಯಲ್ಲಿ ಕೇವಲ 40 ಅಡಿ ಉಳಿಯುತ್ತದೆ ಎಂದಿತ್ತು. ಅದೂ ಹಿಂಗಾಳಿಯನ್ನು 5 ನಾಟ್‌ಗೆ ಇಳಿಸಿ, ರಿವರ್ಸರ್ (ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ಬಳಸುತ್ತಾರೆಂದು ಊಹಿಸಿ. ನಿಜದಲ್ಲಿ ರಿವರ್ಸರ್ ತೆರೆದದ್ದು ನೆಲ ಮುಟ್ಟಿದ 18 ಸೆಕೆಂಡಿನ ನಂತರ. ನನ್ನ ಎಕ್ಸೆಲ್ ಹಾಳೆಯ ಪ್ರಕಾರ ಅಷ್ಟರಲ್ಲಿ ವಿಮಾನ ಸುಮಾರು 1 ಕಿಲೋಮೀಟರ್ ಓಡಿರುತ್ತದೆ.

ಶುಕ್ರವಾರ ರಾತ್ರಿಯ ಪ್ರಯೋಗದಲ್ಲಿ ನನ್ನ ರಿವರ್ಸರ್ ಹಿಡಿಕೆಯೂ ಸಿಕ್ಕಿಕೊಂಡಿತು. ಒಳಗಿನ ಸ್ಪ್ರಿಂಗ್ ಮರದ ಸಂದಿಗೆ ಜಾರಿತ್ತು. ಎಳೆಯುತ್ತ ತಡಕಾಡುವಷ್ಟರಲ್ಲಿ 11 ಸೆಕೆಂಡ್ ಕಳೆದು, ತೆರೆಯ ಮೇಲೆ ಬೇಲಿ ಬಂದೇಬಿಟ್ಟಿತು. ಅಂದಿನ ಕ್ಯಾಪ್ಟನ್ ಕೂಡ ಹಿಡಿಕೆ ಎಳೆಯಲಾಗಲಿಲ್ಲ ಎಂದೇ ಹೇಳಿದ್ದರು. ಆದರೆ ಮೊದಲ ಸಲ ಬಳಸುತ್ತಿದ್ದ ಆಟೋಬ್ರೇಕ್ (ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ) ಕಡೆಗೆ ಗಮನ ಹರಿದದ್ದೇ ವಿಳಂಬಕ್ಕೆ ಕಾರಣವೆಂದು ತನಿಖೆ ತೀರ್ಮಾನಿಸಿತು.

ಸ್ಪ್ರಿಂಗ್ ಸರಿಪಡಿಸಿ, 2 ಸೆಕೆಂಡಿನಲ್ಲೇ ರಿವರ್ಸರ್ ತೆರೆದು, ನಿಲ್ಲುವವರೆಗೂ ಪೂರ್ಣವಾಗಿ ಹಿಡಿದು ಭಾನುವಾರ ಮತ್ತೆ ಇಳಿದಾಗ ವಿಮಾನ ರನ್‌ವೇ ಒಳಗೇ ನಿಂತಿತು. ಇನ್ನು ಸಿಮ್ಯುಲೇಟರಿನ ಹಿಮ ಇಷ್ಟು ಉದಾರವೇ ಎಂದು ಘರ್ಷಣೆಯ ಅಂಕಿಯನ್ನು ಇನ್ನಷ್ಟು ಇಳಿಸಿ ನೋಡಬೇಕಾಗಿದೆ.