ಕಡಿಮೆ ಕಾವಿನಲ್ಲಿ ಹೊಗೆ ಹಿಡಿಸುವ ಪಾಡು

ಗೋವೆಯ ವಾಸ್ಕೋದ ನಮ್ಮ ಮನೆಯ ಹಿತ್ತಲಲ್ಲಿ ಬಂಗುಡೆಗೆ ಹೊಗೆ ಹಿಡಿಸಲು ವಿದ್ಯುತ್ ಸ್ಮೋಕರನ್ನು (ಕಾಯಿಲಿನ ಕಾವಿನಿಂದ ಕಟ್ಟಿಗೆಯ ಚಕ್ಕೆಗಳನ್ನು ಹೊಗೆಯಾಡಿಸುವ ಪೆಟ್ಟಿಗೆಯನ್ನು) 70 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಾಗಲೆಲ್ಲ ಮೀನು ಬೇಯುತ್ತಿತ್ತೇ ಹೊರತು ಹೊಗೆಯ ಘಮ ಅದಕ್ಕೆ ಹತ್ತುತ್ತಿರಲಿಲ್ಲ. ಪೆಟ್ಟಿಗೆಯ ಕಾವು ನಿಗದಿತ ಮಟ್ಟ ಮುಟ್ಟಿದೊಡನೆ ಕಾವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕಾಯಿಲನ್ನು ಆರಿಸುತ್ತದೆ. ಕಟ್ಟಿಗೆಯ ಚಕ್ಕೆಗಳು ಚೆನ್ನಾಗಿ ಹೊಗೆಯಾಡಲು ಅವುಗಳ ಕಾವು 200 ಡಿಗ್ರಿಯನ್ನು ದಾಟಬೇಕಾಗಿದ್ದು, ಗೋವೆಯ ಸೆಕೆಯಲ್ಲಿ ಕಾಯಿಲ್ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಯುವುದರಿಂದ ಅವು ಬರಿದೇ ಬೆಚ್ಚಗಾಗಿ ಕುಳಿತಿರುತ್ತವೆ. ಚಕ್ಕೆಗಳನ್ನು ನೀರಿನಲ್ಲಿ ನೆನೆಸಿದ್ದು ನನ್ನ ದೊಡ್ಡ ತಪ್ಪು. ಆ ನೀರು ಆರುವವರೆಗೆ ಕಾಣುವುದು ಹಬೆಯೇ, ಹೊಗೆಯಲ್ಲ.

ಕೊನೆಗೆ ಹೊಗೆಯ ಕೆಲಸವನ್ನೇ ಕಾಯಿಲಿನಿಂದ ಬಿಡಿಸಿದೆ. ತೂತುಗಳಿರುವ ಉಕ್ಕಿನ ಕೊಳವೆಯಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಒಣ ಗುಳಿಗೆಗಳನ್ನು (ಪೆಲೆಟ್) ತುಂಬಿ, ಒಂದು ತುದಿಗೆ ಬೆಂಕಿ ಹಚ್ಚಿ, ಹತ್ತು ನಿಮಿಷ ಉರಿದ ಮೇಲೆ ಜ್ವಾಲೆಯನ್ನು ಊದಿ ಆರಿಸಿ ಒಳಗಿಟ್ಟರೆ, ಅದು ಊದುಬತ್ತಿಯಂತೆ ಗಂಟೆಗಟ್ಟಲೆ ತನ್ನಷ್ಟಕ್ಕೆ ಹೊಗೆಯಾಡುತ್ತದೆ. ಗಾಳಿಕಿಂಡಿಯನ್ನು ತೆರೆದಿಡಬೇಕು, ಇಲ್ಲದಿದ್ದರೆ ದಟ್ಟವಾದ ಬಿಳಿ ಹೊಗೆ ಮೀನಿಗೆ ಕಹಿ ಹತ್ತಿಸುತ್ತದೆ. ಮಳೆಗಾಲದಲ್ಲಿ ಗುಳಿಗೆಗಳು ತೇವ ಹೀರಿ ಅರ್ಧಕ್ಕೇ ಆರಿಹೋಗುವುದರಿಂದ, ಮನೆಯವರ ಗೊಣಗಾಟವನ್ನು ಸಹಿಸಿಕೊಂಡು, ಅವುಗಳನ್ನು ಹಪ್ಪಳದ ಡಬ್ಬಿಯ ಪಕ್ಕದಲ್ಲೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹೊಗೆ ಹಿಡಿದ ಮೇಲೆ, ಮೀನಿನ ಒಳಭಾಗ 63 ಡಿಗ್ರಿ ಮುಟ್ಟುವಂತೆ ಕಾವನ್ನು ಏರಿಸುತ್ತೇನೆ.