12 ಜೂನ್ 2024, ಬುಧವಾರ: ಸ್ಪ್ಯಾಮ್ ರಾಶಿಯಲ್ಲಿ 17 ವರದಿಗಳು

ಬೆಳಗಿನ 5.40ಕ್ಕೆ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂತು. ಚಾಮರಾಜಪೇಟೆಯ ರಕ್ತಪರೀಕ್ಷಾ ಲ್ಯಾಬೊಂದರ ಜಾಲತಾಣವನ್ನು ನಾವು ನೋಡಿಕೊಳ್ಳುತ್ತೇವೆ. ದಿನಕ್ಕೆ ನೂರಿನ್ನೂರು ವರದಿ ಕಳುಹಿಸುವ ಆ ಸರ್ವರಿನಲ್ಲಿ ಹೊರಹೋಗಲು ಕಾದಿದ್ದ ಮೇಲ್‌ಗಳು 38,000 ದಾಟಿದ್ದವು. ಹನುಮಂತನಗರದ ಮನೆಯಿಂದಲೇ ಲಾಗಿನ್ ಆಗಿ, ಮೊದಲು ವೆಬ್ ಸೇವೆಯನ್ನು ನಿಲ್ಲಿಸಿ, ಮೇಲ್ ರವಾನಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸ್‌ನ ಸರದಿಯಲ್ಲಿದ್ದ ಅಷ್ಟೂ ಮೇಲ್‌ಗಳನ್ನು ‘ಹೋಲ್ಡ್’ನಲ್ಲಿ, ಅಂದರೆ ಹೊರಹೋಗದಂತೆ ತಡೆಹಿಡಿದು, ಇಟ್ಟೆ.

“ಸರ್, ಎಲ್ಲಾ ಡಿಲೀಟ್ ಮಾಡಿಬಿಡೋಣ, ಸರ್ವರ್ ಹಗುರಾಗುತ್ತೆ” ಎಂದ ಫೋನಿನಲ್ಲಿ ನಮ್ಮ ಕಿರಿಯ ಸಹೋದ್ಯೋಗಿ. ಬೇಡವೆಂದೆ. ನಿನ್ನೆ ರಾತ್ರಿಯ ವರದಿಗಳೂ ಆ ರಾಶಿಯಲ್ಲಿ ಸಿಕ್ಕಿಕೊಂಡಿರಬಹುದು. ಕಳ್ಳ ಯಾವ ದಾರಿಯಲ್ಲಿ ಬಂದನೆಂಬ ಗುರುತು ಉಳಿದಿರುವುದೂ ಅದರಲ್ಲಿಯೇ.

ಒಂದು ಮೇಲನ್ನು ತೆರೆದು ಓದಿದೆ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಶುಲ್ಕ ಕಟ್ಟಿ ಎಂಬ ಹಳೆಯ ಮೋಸ. ಕಳುಹಿಸಿದವರ ಜಾಗದಲ್ಲಿ ಲ್ಯಾಬಿನದೇ ವಿಳಾಸವಿತ್ತು. ಮೇಲ್‌ನ ತಲೆಭಾಗದ ವಿವರಗಳಾದ ಹೆಡರಿನಲ್ಲಿ, ಜಾಲತಾಣ ನಡೆಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ ತಾನಾಗಿ ಸೇರಿಸುವ ಸಾಲೊಂದರಲ್ಲಿ 33 ಎಂಬ ಅಂಕಿ, ಅದರ ಪಕ್ಕದಲ್ಲಿ ಕಡತವೊಂದರ ಹೆಸರು. ಆ ಸರ್ವರಿನ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನಲ್ಲಿ 33 ಎಂದರೆ ವೆಬ್ ಸರ್ವರಿನ ಬಳಕೆದಾರ ಸಂಖ್ಯೆ. ಅಂದರೆ ಯಾರದೋ ಮೇಲ್ ಪಾಸ್‌ವರ್ಡ್ ಕದ್ದು ಕಳುಹಿಸಿದ್ದಲ್ಲ, ಜಾಲತಾಣದೊಳಗೇ ಕುಳಿತ ಸ್ಕ್ರಿಪ್ಟೊಂದರ ಕೆಲಸ.

ಚಿತ್ರಗಳನ್ನು ಅಪ್‌ಲೋಡ್ ಮಾಡುವ ಫೋಲ್ಡರಿನಲ್ಲಿ ಆ ಕಡತ ಸಿಕ್ಕಿತು. ಅದನ್ನು ಕೊನೆಯ ಬಾರಿ ತಿದ್ದಿದ್ದು 2019ರಲ್ಲಿ ಎಂದು ತೋರಿಸುತ್ತಿತ್ತು. ಆ ದಿನಾಂಕವನ್ನು ಬೇಕಾದಂತೆ ಬದಲಿಸುವುದು ಕಷ್ಟವಲ್ಲ. ಕಡತದ ವಿವರಗಳು ಬದಲಾದಾಗ ಲಿನಕ್ಸ್ ತಾನೇ ಬರೆದುಕೊಳ್ಳುವ ‘ಸಿಟೈಮ್’ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಅದು ಮೇ 19ರ ರಾತ್ರಿ 2.14 ಎಂದಿತು; ಆ ನಿಮಿಷದ ಆಕ್ಸೆಸ್ ಲಾಗ್ (ತಾಣಕ್ಕೆ ಬಂದವರ ದಾಖಲೆ) ನೋಡಿದರೆ, ನಾವು ಅಪ್‌ಡೇಟ್ ಮಾಡದೆ ಬಿಟ್ಟಿದ್ದ ಹಳೆಯ ಸ್ಲೈಡ್‌ಶೋ ಪ್ಲಗಿನ್‌ನ (ತಾಣಕ್ಕೆ ಸೇರಿಸುವ ಪುಟ್ಟ ತಂತ್ರಾಂಶ) ಮೂಲಕವೇ ಕಡತ ಒಳಬಂದಿತ್ತು. ಅಪ್‌ಲೋಡ್ ಫೋಲ್ಡರಿನಲ್ಲಿ ಪಿಎಚ್‌ಪಿ ನಡೆಯದಂತೆ ತಡೆದಿದ್ದರೆ ಆ ಕಡತ ಬಂದರೂ ಸುಮ್ಮನೆ ಬಿದ್ದಿರುತ್ತಿತ್ತು. ತಡೆಯಬೇಕಾಗಿದ್ದವನು ನಾನು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಎಸ್‌ಪಿಎಫ್, ಡಿಕೆಐಎಂ ಎರಡನ್ನೂ ನಾವೇ ಶ್ರದ್ಧೆಯಿಂದ ಹೊಂದಿಸಿದ್ದೆವು. ಲ್ಯಾಬಿನ ಹೆಸರಿನಲ್ಲಿ ಮತ್ತೊಬ್ಬರು ಬೇರೆ ಯಂತ್ರದಿಂದ ಮೇಲ್ ಕಳುಹಿಸಿದರೆ ಹಿಡಿಯುವ ವ್ಯವಸ್ಥೆಗಳವು; ಮೊದಲನೆಯದರಿಂದ ಮೇಲ್ ಯಾವ ಯಂತ್ರದಿಂದ ಬಂತೆಂದು ತಿಳಿಯುತ್ತದೆ, ಎರಡನೆಯದು ಮೇಲ್‌ಗೆ ಡಿಜಿಟಲ್ ಸಹಿ ಹಾಕುತ್ತದೆ. ಆದರೆ ಈ ಮೇಲ್‌ಗಳು ನಮ್ಮದೇ ಯಂತ್ರದಿಂದ, ನಮ್ಮದೇ ಸಹಿ ಹೊತ್ತು ಹೊರಟಿದ್ದವು. ನಂಬಿಕೆಗೆಂದು ಹಾಕಿದ ಮುದ್ರೆ ಮೋಸದ ಮೇಲೂ ಬಿದ್ದಿತ್ತು. ಎಷ್ಟು ಜನ ಆ ಲಿಂಕ್ ಒತ್ತಿದರೋ ಎಂಬ ಯೋಚನೆಯಲ್ಲಿ ಮುಂದಿದ್ದ ಕಾಫಿ ಆರಿಹೋಗಿತ್ತು.

ವರದಿ ಕಳುಹಿಸುವ ಸ್ಕ್ರಿಪ್ಟಿನ ಹೆಸರು ಬೇರೆಯಾಗಿದ್ದುದರಿಂದ ಅದೇ ಹೆಡರ್ ಹಿಡಿದು ಹುಡುಕಿದೆವು. 17 ವರದಿಗಳು ಸಿಕ್ಕವು. ಅವುಗಳನ್ನು ಒಂದೊಂದಾಗಿ ಪರಿಶೀಲಿಸಿ, ಲಾಗ್‌ಗಳನ್ನೂ ಸ್ಪ್ಯಾಮಿನ ಕೆಲವು ಮಾದರಿಗಳನ್ನೂ ತೆಗೆದಿಟ್ಟ ಮೇಲಷ್ಟೇ ಉಳಿದದ್ದನ್ನು ಅಳಿಸಿದೆವು. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಹತ್ತು ಗಂಟೆಗೆ ನಮ್ಮ ವರದಿ ಹೋಯಿತು. ಸ್ಪ್ಯಾಮ್ ಕಳುಹಿಸುವ ಯಂತ್ರಗಳನ್ನು ಗುರುತಿಸಿಡುವ ಸ್ಪ್ಯಾಮ್‌ಹೌಸ್‌ನ ಪಟ್ಟಿಗೆ ನಮ್ಮ ಸರ್ವರಿನ ಐಪಿ ವಿಳಾಸ ಆಗಲೇ ಸೇರಿತ್ತು. ಒಳಗಿನ ಕೊಳೆ ತೆಗೆಯದೆ ಹೆಸರು ತೆಗೆಸಲು ಕೇಳುವುದು ಸರಿಯಲ್ಲವಾದ್ದರಿಂದ, ಮೇ 19ಕ್ಕೂ ಹಿಂದಿನ ಬ್ಯಾಕಪ್‌ನಿಂದ ಹೊಸ ಯಂತ್ರದಲ್ಲಿ ತಾಣ ಕಟ್ಟಿ, ಪ್ಲಗಿನ್ ಕಿತ್ತುಹಾಕಿ, ಪಾಸ್‌ವರ್ಡ್‌ಗಳನ್ನೂ ಡಿಕೆಐಎಂ ಕೀಲಿಯನ್ನೂ ಬದಲಿಸಿ, ಗಂಟೆಗೆ ಇಷ್ಟೇ ಮೇಲ್ ಎಂಬ ಮಿತಿಯನ್ನು ಹಾಕಿದ ಮೇಲೆ ಸಂಜೆ ಮನವಿ ಸಲ್ಲಿಸಿದೆ.

ಅಷ್ಟರೊಳಗೆ 17 ವರದಿಗಳನ್ನು ನಮ್ಮ ಇನ್ನೊಂದು ಸರ್ವರಿನ ಮೂಲಕ ಬಿಟ್ಟಿದ್ದೆವು. 15 ತಲುಪಿದವು, 2 ಹಿಂದಿರುಗಿದವು. ಲ್ಯಾಬಿನ ಮೇಡಂಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಆ ಎರಡು ವರದಿಗಳನ್ನು ಪ್ರಿಂಟ್ ತೆಗೆಸಿ, ಹುಡುಗನ ಕೈಯಲ್ಲಿ ಸ್ಕೂಟರಿನಲ್ಲಿ ಮನೆಗಳಿಗೆ ಕಳುಹಿಸಿಕೊಟ್ಟರು.